ಕಾಳಿ ದಂಡೆಯ ಕೌಸಲ್ಯೆ

ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆ ನಿಂತು ಉತ್ತರಕ್ಕೆ ನೋಡಿದರೆ ಎದುರು ದಂಡೆಯಲ್ಲಿ ಒಂದು ಗುಡ್ಡ, ಅದರ ಮೇಲೆ ಸೋದೆ ಅರಸರ ಕಾಲದ ಕೋಟೆ. ಅದು ಸದಾಶಿವಗಡ. ಅಲ್ಲಿಂದ ಗೋವೆಯ ಗಡಿ ಅರ್ಧ ತಾಸಿನ ದಾರಿಯೂ ಅಲ್ಲ. ಆ ದಂಡೆಯ ಬಹಳಷ್ಟು ಮನೆಗಳ ಒಳಗೆ ಕೊಂಕಣಿ, ದೇವರ ಮುಂದಿನ ಭಜನೆಯಲ್ಲಿ ಮರಾಠಿ, ತಹಸೀಲ್ದಾರರ ಕಚೇರಿಯಲ್ಲಿ ಕನ್ನಡ. ಸದಾಶಿವಗಡದ ಹತ್ತಿರದ ಕಣಸಗಿರಿಯಲ್ಲಿ 1942ರಲ್ಲಿ, ಇಂಥದೇ ಒಂದು ಕೊಂಕಣಿ ಮಾತಿನ ಮನೆಯಲ್ಲಿ ಹುಟ್ಟಿದವರು ಜಯಶ್ರೀ ಗಡಕರ. ಗಡಕರ ಎಂದರೆ ಕೋಟೆಯವರು ಎಂದಾಗುತ್ತದೆ. ಊರ ಪಕ್ಕ ಕೋಟೆಯೂ ಇದೆ.

ಈ ಹೆಸರು ಹೇಳಿದರೆ ಬೆಂಗಳೂರು, ಮೈಸೂರಿನ ಕಡೆಯ ಹೆಚ್ಚಿನವರು 'ಯಾರು?' ಎನ್ನುತ್ತಾರೆ. 'ರಾಮಾನಂದ ಸಾಗರರ ರಾಮಾಯಣದಲ್ಲಿ ಕೌಸಲ್ಯೆ ಆಗಿದ್ದರಲ್ಲ' ಎಂದರೆ ಕೂಡಲೇ ಮುಖ ನೆನಪಾಗುತ್ತದೆ: ದೊಡ್ಡ ಕಣ್ಣು, ಅಳು ತುಂಬಿಕೊಂಡೇ ಇರುವ ಧ್ವನಿ. ನಿಪ್ಪಾಣಿ, ಬೆಳಗಾವಿ, ಖಾನಾಪುರದ ಹಿರಿಯರನ್ನು ಕೇಳಿ ನೋಡಿ. ಅವರ ನೆನಪಿನಲ್ಲಿರುವ ಜಯಶ್ರೀಯೇ ಬೇರೆ. ಒಂಬತ್ತು ಗಜದ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಢೋಲಕಿಯವನ ಕಡೆ ಒಂದು ನೋಟ ಎಸೆದು ತಿರುಗುವ ಲಾವಣಿಯವಳು ಅವರಿಗೆ ಗೊತ್ತು. ಒಬ್ಬಳೇ ನಟಿಯ ಈ ಎರಡು ಮುಖಗಳ ನಡುವೆ ಮೂವತ್ತು ವರ್ಷ ಇದೆ, ಮುಂಬೈ ಇದೆ. ಎರಡನ್ನೂ ಬಲ್ಲವರು ಕರ್ನಾಟಕದಲ್ಲಿ ಕಡಿಮೆ, ಆಕೆ ಹುಟ್ಟಿದ್ದು ಈಗಿನ ಕರ್ನಾಟಕದಲ್ಲಿ ಎಂದು ಬಲ್ಲವರು ಇನ್ನೂ ಕಡಿಮೆ.

'ಈಗಿನ' ಎಂಬ ಮಾತು ಇಲ್ಲಿ ಬೇಕೇ ಬೇಕು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಹೋಯಿತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಹೆಚ್ಚುಕಡಿಮೆ ನೂರು ವರ್ಷ ಕಾರವಾರದವರ ರಾಜಧಾನಿ ಮುಂಬೈಯೇ ಆಗಿತ್ತು. ಓದು, ನೌಕರಿ, ಕೋರ್ಟು, ಎಲ್ಲಕ್ಕೂ ಅವರು ನೋಡುತ್ತಿದ್ದುದು ಆ ಕಡೆಗೆ. ಬಿಳಗಿಯ ಅಮೀರ್‌ಬಾಯಿ ಕರ್ನಾಟಕಿ, ಹುಬ್ಬಳ್ಳಿಯ ಪಕ್ಕದ ಅದರಗುಂಚಿಯ ಶಾಂತಾ ಹುಬಳೀಕರ, ಇವರೆಲ್ಲ ಹಾಡು ಮತ್ತು ಸಿನಿಮಾ ಹುಡುಕಿಕೊಂಡು ಹೋದದ್ದು ತಮ್ಮದೇ ಪ್ರಾಂತದ ದೊಡ್ಡ ಊರುಗಳಿಗೆ, ಪರದೇಶಕ್ಕಲ್ಲ. ಆದರೂ ಆ ಇಬ್ಬರೂ ಹುಟ್ಟೂರಿನ ಗುರುತನ್ನು ಹೆಸರಿನಲ್ಲೇ ಹೊತ್ತುಕೊಂಡಿದ್ದರಿಂದ ಕನ್ನಡದವರಿಗೆ ಎಂದಾದರೊಂದು ದಿನ ಸಿಕ್ಕೇ ಸಿಕ್ಕರು. ಅಮೀರ್‌ಬಾಯಿಯ ಬಗ್ಗೆ ರಹಮತ್ ತರೀಕೆರೆಯವರು ಒಂದು ಪುಸ್ತಕವನ್ನೇ ಬರೆದರು. ಜಯಶ್ರೀಯ ಹೆಸರಿನಲ್ಲಿ ಅಂಥ ಸುಳಿವಿಲ್ಲ. ಇನ್ನೊಂದು ಸೋಜಿಗ: ಅವರು ಹುಟ್ಟಿದ ಊರು ಮೈಸೂರು ರಾಜ್ಯಕ್ಕೆ ಸೇರಿದ್ದೂ ಅವರು ಮುಂಬೈಯಲ್ಲಿ ಮರಾಠಿ ನಾಯಕಿಯಾದದ್ದೂ ಒಂದೇ ವರ್ಷ.

ಪರೇಲಿನಲ್ಲಿ ವಿ. ಶಾಂತಾರಾಮರ ರಾಜಕಮಲ್ ಕಲಾಮಂದಿರ ಎಂಬ ಸ್ಟುಡಿಯೋ ಇತ್ತು. 1955ರಲ್ಲಿ ಅಲ್ಲಿಂದ ಬಂದ 'ಝನಕ್ ಝನಕ್ ಪಾಯಲ್ ಬಾಜೆ' ಕುಣಿತದ್ದೇ ಸಿನಿಮಾ. ಮುಂದೆ ಸಂಧ್ಯಾ ಮತ್ತು ಗೋಪೀಕೃಷ್ಣ, ಹಿಂದೆ ಸಾಲು ಸಾಲು ಹುಡುಗಿಯರು. ಆ ಸಾಲಿನಲ್ಲಿ ಜಯಶ್ರೀಯೂ ಒಬ್ಬರು. ಗುಂಪಿನಲ್ಲಿ ಕುಣಿಯುವವಳ ಕೆಲಸ ಕಣ್ಣಿಗೆ ಬೀಳದಿರುವುದು, ಸಾಲು ಕೆಡದ ಹಾಗೆ ನೋಡಿಕೊಳ್ಳುವುದು. ಆ ಸಾಲಿನಿಂದ ಒಬ್ಬಳು ಮುಂದೆ ಬರಬೇಕಾದರೆ ಯಾರಾದರೂ ನೋಡಿ ಕರೆಯಬೇಕು. ಮರಾಠಿಯ ಹಾಸ್ಯನಟ ರಾಜಾ ಗೋಸಾವಿಯ ಜತೆ 'ದಿಸತಂ ತಸಂ ನಸತಂ' ಚಿತ್ರದ ಒಂದು ಕುಣಿತಕ್ಕೆ ಜಯಶ್ರೀಗೆ ಅಂಥ ಕರೆ ಬಂತು. ಅದರ ಬೆನ್ನಿಗೇ 1956ರ 'ಗಾಠ್ ಪಡಲೀ ಠಕಾ ಠಕಾ'ದಲ್ಲಿ ಸೂರ್ಯಕಾಂತರ ಎದುರು ನಾಯಕಿ. ಹುಟ್ಟಿದ ವರ್ಷದಿಂದ ಎಣಿಸಿದರೆ ಹದಿನಾಲ್ಕು ವಯಸ್ಸು. ಆ ಕಾಲದಲ್ಲಿ ಇದನ್ನು ಯಾರೂ ವಿಶೇಷ ಎಂದುಕೊಳ್ಳಲಿಲ್ಲ. ಇಂದು ಓದುವಾಗ ಆ ಸಂಖ್ಯೆಯ ಹತ್ತಿರ ಒಂದು ಕ್ಷಣ ನಿಲ್ಲಬೇಕಾಗುತ್ತದೆ.

ಮೂರು ವರ್ಷ ಬಿಟ್ಟು ಬಂದದ್ದು 'ಸಾಂಗತ್ಯೇ ಐಕಾ'. ಹೆಸರಿನ ಅರ್ಥ 'ಹೇಳ್ತೇನೆ, ಕೇಳಿ'. ಹೇಳುವವಳು ಹೆಣ್ಣು ಎಂಬುದು ಮರಾಠಿಯಲ್ಲಿ ಕ್ರಿಯಾಪದದಲ್ಲೇ ಇದೆ. ಕನ್ನಡದ 'ಹೇಳ್ತೇನೆ'ಯಲ್ಲಿ ಅದು ಬಿಟ್ಟುಹೋಗುತ್ತದೆ. ನಿರ್ದೇಶನ ಅನಂತ ಮಾನೆ, ಚಿತ್ರಕತೆ ವ್ಯಂಕಟೇಶ ಮಾಡಗೂಳಕರ, ಹಾಡು ಅವರ ಅಣ್ಣ ಗ.ದಿ. ಮಾಡಗೂಳಕರ, ಸಂಗೀತ ವಸಂತ ಪವಾರ. ಊರಿನ ಗೌಡನೊಬ್ಬ ಮಾಡಿದ ಪಾಪವನ್ನು ತಮಾಶಾದ ಹೆಂಗಸೊಬ್ಬಳು ತಮಾಶಾದ ರಂಗದ ಮೇಲಿಂದಲೇ ಊರಿಗೆ ಕೇಳಿಸುವ ಕತೆ. ಹಿರಿಯ ಕಲಾವಿದೆಯಾಗಿ ಹಂಸಾ ವಾಡಕರ, ಕಿರಿಯಳಾಗಿ ಜಯಶ್ರೀ. ಪುಣೆಯ ವಿಜಯಾನಂದ ಟಾಕೀಸಿನಲ್ಲಿ ಈ ಸಿನಿಮಾ 131 ವಾರ ಓಡಿತು. ಜಯಶ್ರೀಯ ಮೇಲೆ ಚಿತ್ರಿಸಿದ, ಆಶಾ ಭೋಸಲೆ ಹಾಡಿದ ಒಂದು ಲಾವಣಿಯಲ್ಲಿ ಸಾತಾರದ ದಾರಿಯಲ್ಲಿ ಕಿವಿಯ ಬುಗುಡಿ ಬಿದ್ದುಹೋದ ಪ್ರಸಂಗ ಬರುತ್ತದೆ. ಮದುವೆ ಮನೆಗಳಲ್ಲಿ, ಗಣೇಶೋತ್ಸವದ ಪೆಂಡಾಲಿನಲ್ಲಿ ಆ ಹಾಡು ಇವತ್ತಿಗೂ ಬಿಡುವು ಕಂಡಿಲ್ಲ. ಬುಗುಡಿ ನಮ್ಮಲ್ಲೂ ಬುಗುಡಿಯೇ. ಹಾಡಿನ ಉಳಿದ ಮಾತು ತಿಳಿಯದ ಉತ್ತರ ಕರ್ನಾಟಕದ ಅಜ್ಜಿಯಂದಿರಿಗೂ ಏನು ಕಳೆಯಿತು ಎಂಬುದು ಮಾತ್ರ ತಿಳಿಯುತ್ತಿತ್ತು.

ಈ ಹದಿನೇಳರ ಹುಡುಗಿಗೆ ಆ ಲಾವಣಿಯವಳ ನಡೆ, ನುಡಿ ಎರಡೂ ಮನೆಯಿಂದ ಬಂದದ್ದಲ್ಲ. ನುಡಿಯ ಮಾತು ಮೊದಲು. ಕಾರವಾರದ ಕೊಂಕಣಿಯಲ್ಲಿ ನೀರಿಗೆ 'ಉದಕ'. ಪುಸ್ತಕದ ಮರಾಠಿಯಲ್ಲಿ 'ಪಾಣೀ'. ಸಾತಾರ, ಕೊಲ್ಹಾಪುರದ ಹಳ್ಳಿಯ ಬಾಯಲ್ಲಿ ಈ 'ಣ' ನಿಲ್ಲುವುದಿಲ್ಲ, 'ಪಾನೀ' ಆಗುತ್ತದೆ. ತಮಾಶಾ ಸಿನಿಮಾಕ್ಕೆ ಬೇಕಾಗಿದ್ದುದು ಈ ಮೂರನೆಯದು. ಅಂದರೆ ಕರಾವಳಿಯಿಂದ ಬಂದವಳು ಮೊದಲು ಪೇಟೆಯ ಮರಾಠಿ ಕಲಿತು, ಆಮೇಲೆ ಅದನ್ನು ಬೇಕೆಂದೇ ಕೆಡಿಸಿಕೊಂಡು ಘಟ್ಟದ ಮೇಲಿನವಳಾಗಬೇಕು. ಪ್ರಮಾಣ ಭಾಷೆಯನ್ನು ಕಲಿಯುವುದಕ್ಕಿಂತ ಇದು ಕಷ್ಟ. ತಪ್ಪಿದರೆ ನಗೆಪಾಟಲು, ಏಕೆಂದರೆ ಟಾಕೀಸಿನಲ್ಲಿ ಕೂತವರ ಮನೆಮಾತೇ ಅದು. ಅವರು ನಗಲಿಲ್ಲ. ಮರಾಠಿ ಹಳ್ಳಿಯ ಹೆಣ್ಣು ಎಂದರೆ ಹೀಗೆ ಮಾತಾಡುತ್ತಾಳೆ ಎಂದು ಮುಂದಿನ ಹತ್ತು ಹದಿನೈದು ವರ್ಷ ಮರಾಠಿ ಸಿನಿಮಾವೇ ಈ ಕೊಂಕಣಿ ಹುಡುಗಿಯ ಬಾಯಿಂದ ಹೇಳಿಸಿತು.

ನಡೆಯ ಮಾತು ಇಷ್ಟು ಸಲೀಸಲ್ಲ. ಅದಕ್ಕೆ ಲಾಲ್‌ಬಾಗಿಗೆ ಹೋಗಬೇಕು. ಬೆಂಗಳೂರಿನ ಲಾಲ್‌ಬಾಗಲ್ಲ, ಪರೇಲಿನ ಪಕ್ಕದ ಲಾಲ್‌ಬಾಗ್. ಹತ್ತಿ ಗಿರಣಿಗಳ ಕಾಲದಲ್ಲಿ ಕೊಂಕಣದವರೂ ಸಾತಾರ, ಕೊಲ್ಹಾಪುರದ ಕಡೆಯವರೂ ಒಂದೊಂದು ಖೋಲಿಯಲ್ಲಿ ಹತ್ತು ಹದಿನೈದು ಜನ ಸೇರಿ, ಪಾಳಿಯ ಪ್ರಕಾರ ಮಲಗಿ ಏಳುತ್ತಿದ್ದ ಜಾಗ. ಅಲ್ಲಿ ಭಾರತಮಾತಾ ಟಾಕೀಸು. ಅದಕ್ಕೆ ಮರಾಠಿ ಸಿನಿಮಾದ ಮನೆ ಎಂದೇ ಹೆಸರು. ಅದೇ ಲಾಲ್‌ಬಾಗಿನಲ್ಲಿ ಹನುಮಾನ್ ಥಿಯೇಟರ್ ಕೂಡ ಇತ್ತು, ತಮಾಶಾದ್ದು. ಒಂದು ಕಡೆ ಪರದೆಯ ಮೇಲೆ ಲಾವಣಿ, ಇನ್ನೊಂದು ಕಡೆ ನಿಜವಾದ ಲಾವಣಿ, ಎರಡಕ್ಕೂ ಪಾಳಿ ಮುಗಿಸಿ ಬಂದ ಅವೇ ಜನ. ನಿಜವಾದದ್ದನ್ನು ಆಡುತ್ತಿದ್ದವರು ಕೋಲ್ಹಾಟಿ, ಮಾಂಗ್, ಮಹಾರ್ ಸಮುದಾಯಗಳ ಹೆಂಗಸರು, ಗಂಡಸರು. ಊರಿಂದೂರಿಗೆ ಲಾರಿಯಲ್ಲಿ ತಿರುಗುವ ಬಾಳು. ಚಪ್ಪಾಳೆ ಸಿಗುತ್ತಿತ್ತು, ಬಾಡಿಗೆಗೆ ಮನೆ ಸಿಗುತ್ತಿರಲಿಲ್ಲ.

ಆ ರಂಗದ ದೊಡ್ಡ ಹೆಸರು ವಿಠಾಬಾಯಿ ಭಾವೂ ಮಾಂಗ್ ನಾರಾಯಣಗಾವಕರ. 1935ರಲ್ಲಿ ಹುಟ್ಟಿದವರು, ಜಯಶ್ರೀಗಿಂತ ಏಳು ವರ್ಷ ದೊಡ್ಡವರು. ತುಂಬು ಬಸುರಿಯಾಗಿ ಕುಣಿಯುತ್ತಿದ್ದಾಗ ನೋವು ಕಾಣಿಸಿಕೊಂಡು, ರಂಗದ ಹಿಂದೆ ಹೋಗಿ ಹೆತ್ತು, ಹೊಕ್ಕುಳಬಳ್ಳಿಯನ್ನು ಕಲ್ಲಿನಿಂದ ಕತ್ತರಿಸಿಕೊಂಡು ಮತ್ತೆ ರಂಗಕ್ಕೆ ಬಂದರು ಎಂಬ ಸಂಗತಿಯನ್ನು ಮಹಾರಾಷ್ಟ್ರದಲ್ಲಿ ಅವರ ಹೆಸರು ಬಂದಾಗಲೆಲ್ಲ ಹೇಳುತ್ತಾರೆ. ರಾಷ್ಟ್ರಪತಿಗಳ ಪದಕ ಸಿಕ್ಕಿತ್ತು. ಕೊನೆಗಾಲ ಬಡತನದಲ್ಲೇ ಕಳೆಯಿತು, 2002ರಲ್ಲಿ ತೀರಿಕೊಂಡರು. ಆಮೇಲೆ ಸರ್ಕಾರ ಅವರ ಹೆಸರಲ್ಲಿ ಒಂದು ಪ್ರಶಸ್ತಿ ಇಟ್ಟಿತು.

ಹೀಗಿರುವಾಗ 'ಲಾವಣಿ' ಎಂದ ಕೂಡಲೇ ಮಧ್ಯಮ ವರ್ಗದ ಮರಾಠಿ ಮನೆಗೆ ನೆನಪಾಗುವ ಮುಖ ವಿಠಾಬಾಯಿಯದಲ್ಲ, ಜಯಶ್ರೀಯದು. ಇದರಲ್ಲಿ ಜಯಶ್ರೀಯ ತಪ್ಪು ಹುಡುಕುವುದು ಸುಲಭ, ಸರಿಯಲ್ಲ. ಗುಂಪಿನ ಸಾಲಿನಿಂದ ಬಂದ ಹುಡುಗಿ, ಸಿಕ್ಕ ಪಾತ್ರವನ್ನು ಮೈಮುರಿದು ಮಾಡಿದರು. ಆದರೆ ಸಿನಿಮಾ ಏನು ಮಾಡಿತು ಎಂದು ಕೇಳಬಹುದು. ತಮಾಶಾದವಳನ್ನು ಮುಟ್ಟದೆ ತಮಾಶಾವನ್ನು ಮೆಚ್ಚಿಕೊಳ್ಳುವ ದಾರಿಯನ್ನು ಅದು ತೆರೆಯಿತು. ಹೆಂಡತಿ ಮಕ್ಕಳನ್ನು ಹನುಮಾನ್ ಥಿಯೇಟರಿಗೆ ಕರೆದುಕೊಂಡು ಹೋಗಲಾಗದ ಗುಮಾಸ್ತ ಭಾರತಮಾತಾಕ್ಕೆ ಕರೆದುಕೊಂಡು ಹೋದ. ಕತೆಯಲ್ಲಿ ನಾಯಕಿ ತಮಾಶಾದವಳಾದರೂ ಗುಣದಲ್ಲಿ ಮನೆತನದವಳು ಎಂದು ಕೊನೆಯ ರೀಲಿನೊಳಗೆ ತೋರಿಸಿಬಿಡುವುದು ಈ ಸಿನಿಮಾಗಳ ರೂಢಿ. ಜಯಶ್ರೀಯ ಮುಖ ಅದಕ್ಕೆ ಹೇಳಿ ಮಾಡಿಸಿದಂತಿತ್ತು: ತುಟಿಯಲ್ಲಿ ಶೃಂಗಾರ ಇದ್ದಾಗಲೂ ಕಣ್ಣಲ್ಲಿ ಒಂದು ಕರುಣೆ. ಕೌಸಲ್ಯೆ ಆಗಲೇ ಅಲ್ಲಿದ್ದಳು ಎಂದರೆ ಜಾಣತನದ ಮಾತಾದೀತು, ಆದರೂ ಹಳೆಯ ದೃಶ್ಯಗಳನ್ನು ನೋಡುವವರಿಗೆ ಹಾಗೆ ಅನ್ನಿಸದಿರದು.

'ಸಾಂಗತ್ಯೇ ಐಕಾ'ದ ಇನ್ನೊಬ್ಬಳ ಬಾಳು ಬೇರೆ ಹಾದಿ ಹಿಡಿಯಿತು. ಹಂಸಾ ವಾಡಕರ ತಮ್ಮ ಕುಡಿತ, ಗಂಡಸರು, ಮನೆ ಬಿಟ್ಟು ಓಡಿದ್ದು, ಮರಳಿದ್ದು ಎಲ್ಲವನ್ನೂ ಪತ್ರಕರ್ತ ಅರುಣ ಸಾಧು ಅವರಿಗೆ ಹೇಳಿ ಬರೆಸಿದರು. 1970ರಲ್ಲಿ ಪುಸ್ತಕವಾಯಿತು. ಅದಕ್ಕೆ ಇಟ್ಟ ಹೆಸರು ಆ ಸಿನಿಮಾದ್ದೇ, 'ಸಾಂಗತ್ಯೇ ಐಕಾ'. ಮರುವರ್ಷ ಅವರು ತೀರಿಕೊಂಡರು. 1977ರಲ್ಲಿ ಶ್ಯಾಮ್ ಬೆನೆಗಲ್ ಅದನ್ನಿಟ್ಟುಕೊಂಡು 'ಭೂಮಿಕಾ' ಮಾಡಿದರು, ಸ್ಮಿತಾ ಪಾಟೀಲ್ ಹಂಸಾ ಆದರು, ಚಿತ್ರಕತೆಗೆ ಗಿರೀಶ ಕಾರ್ನಾಡರೂ ಕೈ ಹಾಕಿದ್ದರು. ಜಯಶ್ರೀಯೂ ಮುಂದೆ ಆತ್ಮಕತೆ ಬರೆದರು, 'ಅಶೀ ಮೀ ಜಯಶ್ರೀ', ಅಂದರೆ 'ಹೀಗಿರುವ ನಾನು ಜಯಶ್ರೀ'. ಎರಡು ಹೆಸರುಗಳನ್ನು ಪಕ್ಕದಲ್ಲಿಟ್ಟರೆ ಸ್ವಭಾವ ಗೊತ್ತಾಗುತ್ತದೆ. ಮೊದಲನೆಯದು ಕೇಳುವವರ ಮುಂದೆ ಸೆರಗು ಬಿಗಿದು ನಿಂತ ಹೆಂಗಸಿನ ಮಾತು. ಎರಡನೆಯದು ಮನೆಗೆ ಬಂದ ನೆಂಟರಿಗೆ ಪರಿಚಯ ಹೇಳಿಕೊಂಡ ಹಾಗೆ. ಚೆನ್ನಾಗಿ ಬಾಳಿದ ನಟಿಯ ಕತೆಯನ್ನು ಯಾರೂ ಸಿನಿಮಾ ಮಾಡುವುದಿಲ್ಲ. ನರಳಿದವಳ ಬಾಳಷ್ಟೇ ಬಾಳು ಎಂಬ ರುಚಿ ನಮ್ಮಲ್ಲೂ ಇದೆ, ಕಲ್ಪನಾ ಅವರ ಬಗ್ಗೆ ನಾವು ಎಷ್ಟು ಬರೆದಿದ್ದೇವೆ ನೋಡಿ.

ಅರವತ್ತರ ದಶಕ ಪೂರ್ತಿ ಜಯಶ್ರೀಯದು. 'ಮಾನಿನಿ', 'ವೈಜಯಂತಾ', ಭಾಲಜಿ ಪೆಂಢಾರಕರರ 'ಮೋಹಿತ್ಯಾಂಚಿ ಮಂಜುಳಾ', 1964ರ 'ಸವಾಲ್ ಮಾಝಾ ಐಕಾ'. ಕೊನೆಯದರ ಹೆಸರಿನಲ್ಲಿರುವ ಸವಾಲು ನಮಗೆ ಹೊಸದೇನಲ್ಲ. ಎರಡು ಮೇಳ ಎದುರು ಬದುರು ನಿಂತು ಹಾಡಿನಲ್ಲೇ ಪ್ರಶ್ನೆ ಎಸೆದು ಹಾಡಿನಲ್ಲೇ ಉತ್ತರ ಕಸಿಯುವ ಕಲ್ಗಿ-ತುರಾಯಿ ಜಗಳ ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿ ನಾಗೇಶಿ-ಹರದೇಶಿ ಎಂಬ ಹೆಸರಲ್ಲಿ ಇದ್ದೇ ಇದೆ. ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಎಂದು ಬೆಳತನಕ ವಾದ. ಗಡಿಭಾಗದ ಟಾಕೀಸುಗಳಲ್ಲಿ ಈ ಮರಾಠಿ ಸಿನಿಮಾಗಳು ಕನ್ನಡ ಮನೆಮಾತಿನವರಿಗೂ ಹಿಡಿಸಿದ್ದು ಬರೀ ಭಾಷೆ ಅರ್ಥವಾಗುತ್ತಿದ್ದುದರಿಂದಲ್ಲ. ಪರದೆಯ ಮೇಲಿನ ಜಗಳ ತಮ್ಮೂರ ಜಾತ್ರೆಯದಾಗಿತ್ತು.

ಜಯಶ್ರೀಯ ಒಂದೇ ಸಿನಿಮಾ ನೋಡಲು ಪುರುಸೊತ್ತಿದ್ದರೆ ಲಾವಣಿಯದನ್ನು ಬಿಟ್ಟು 1965ರ 'ಸಾಧೀ ಮಾಣಸಂ' ನೋಡಬೇಕು. ಇದೂ ಭಾಲಜಿಯವರದು. ಲತಾ ಮಂಗೇಶಕರ ಆನಂದಘನ ಎಂಬ ಹೆಸರಲ್ಲಿ ಸಂಗೀತ ಕೊಟ್ಟ ಸಿನಿಮಾ. ಸೂರ್ಯಕಾಂತ ಕಮ್ಮಾರ, ಜಯಶ್ರೀ ಅವನ ಹೆಂಡತಿ. ಕುಲುಮೆಯ ಮುಂದೆ ದುಡಿಯುತ್ತ ಅಡಿಗಲ್ಲನ್ನೇ ದೇವರೆಂದು ಕರೆದು ಹಾಡುವ ದೃಶ್ಯವೊಂದಿದೆ. ಗೆಜ್ಜೆ ಇಲ್ಲ, ನೋಟದ ಬಾಣ ಇಲ್ಲ. ಬೆಂಕಿಯ ಬೆಳಕು, ಬೆವರು, ಗಂಡನ ಸುತ್ತಿಗೆಯ ತಾಳಕ್ಕೆ ಸರಿಯಾಗಿ ಬಾಗಿ ಏಳುವ ಮೈ. ಕುಣಿಯುವವಳ ಮೈ ಕೆಲಸ ಮಾಡುವಾಗ ಹೇಗಿರುತ್ತದೆ ಎಂದು ಇಲ್ಲಿ ತಿಳಿಯುತ್ತದೆ. ಮರಾಠಿಯ ಅತ್ಯುತ್ತಮ ಚಿತ್ರವೆಂದು ಅದಕ್ಕೆ ಆ ವರ್ಷದ ರಾಷ್ಟ್ರಪ್ರಶಸ್ತಿ ಬಂತು.

ಎಪ್ಪತ್ತರ ದಶಕಕ್ಕೆ ಗಾಳಿ ತಿರುಗಿತು. 1971ರಲ್ಲಿ ದಾದಾ ಕೋಂಡಕೆಯ 'ಸೋಂಗಾಡ್ಯಾ', 1972ರಲ್ಲಿ ಶಾಂತಾರಾಮರ 'ಪಿಂಜರಾ'. ಒಂದರಲ್ಲಿ ದ್ವಂದ್ವಾರ್ಥದ ನಗು, ಇನ್ನೊಂದರಲ್ಲಿ ಬಣ್ಣ ಬಣ್ಣದ ಲಾವಣಿ. ಎರಡರಲ್ಲೂ ಜಯಶ್ರೀಗೆ ಜಾಗವಿರಲಿಲ್ಲ. ಮೂವತ್ತು ದಾಟಿದ ನಾಯಕಿಗೆ ಆಗ ಮುಂಬೈಯಲ್ಲಿ ಇದ್ದ ಬಾಗಿಲುಗಳು ಎರಡು: ತಾಯಿ ಪಾತ್ರ, ಇಲ್ಲವೇ ದೇವರ ಪಾತ್ರ. ಹಿಂದಿಯ ಕಡಿಮೆ ಖರ್ಚಿನ ಪೌರಾಣಿಕ ಚಿತ್ರಗಳು ಅವರಿಗೆ ಎರಡನೆಯದನ್ನು ಕೊಟ್ಟವು. 1974ರ 'ಹರ್ ಹರ್ ಮಹಾದೇವ್'ನಲ್ಲಿ ಕುಸ್ತಿಪಟು ದಾರಾ ಸಿಂಗ್ ಶಿವ, ಇವರು ಪಾರ್ವತಿ. ಊರೂರಿನ ಟೆಂಟುಗಳಲ್ಲಿ ಜನ ಚಪ್ಪಲಿ ಬಿಟ್ಟು ನೋಡುತ್ತಿದ್ದಂಥ ಸಿನಿಮಾಗಳಿವು, ವಿಮರ್ಶಕರು ತಿರುಗಿಯೂ ನೋಡಲಿಲ್ಲ. ಜಯಶ್ರೀಯ ಒಟ್ಟು ಚಿತ್ರಗಳು 250ರ ಆಸುಪಾಸು ಎನ್ನುತ್ತಾರೆ, ಅದರಲ್ಲಿ ಇಂಥವೂ ಸೇರಿವೆ.

ಟಿ.ವಿ.ಗೆ ಅವರನ್ನು ಕರೆತಂದದ್ದೂ ಈ ಪೌರಾಣಿಕದ ಹಾದಿಯೇ ಇರಬೇಕು. ರಾಮಾನಂದ ಸಾಗರರ 'ರಾಮಾಯಣ' ದೂರದರ್ಶನದಲ್ಲಿ ಶುರುವಾದದ್ದು 1987ರ ಜನವರಿ 25ರಂದು. ಚಿತ್ರೀಕರಣ ನಡೆದದ್ದು ಉಂಬರಗಾಂವದಲ್ಲಿ. ಮುಂಬೈಯ ಪಶ್ಚಿಮ ರೈಲು ವಿರಾರ್, ಪಾಲ್ಘರ್, ಡಹಾಣೂ ದಾಟಿ ಗುಜರಾತಿಗೆ ಕಾಲಿಡುವಲ್ಲಿ ಸಿಗುವ ಸಣ್ಣ ಊರು. ಮುಂಬೈಯ ನಟನಟಿಯರಿಗೆ ಅಯೋಧ್ಯೆ ಅಲ್ಲಿತ್ತು.

ಆ ಅಯೋಧ್ಯೆಯ ಅಂತಃಪುರವನ್ನು ಸ್ವಲ್ಪ ಗಮನಿಸಿ. ಕೌಸಲ್ಯೆ, ಮರಾಠಿ ಲಾವಣಿ ಚಿತ್ರಗಳ ಜಯಶ್ರೀ. ಕೈಕೇಯಿ, 1970ರ 'ಜಾನಿ ಮೇರಾ ನಾಮ್'ನ ಕ್ಯಾಬರೆಯಿಂದ ಹೆಸರಾದ ಪದ್ಮಾ ಖನ್ನಾ. ಮಂಥರೆ, ಮೂಕಿ ಚಿತ್ರಗಳ ಕಾಲದಿಂದ ಬಂದ ಲಲಿತಾ ಪವಾರ್. 1942ರಲ್ಲಿ ಚಿತ್ರೀಕರಣದ ವೇಳೆ ಬಿದ್ದ ಒಂದು ಏಟಿಗೆ ಎಡಗಣ್ಣು ಕೆಟ್ಟು, ನಾಯಕಿಯ ಪಾತ್ರ ಹೋಗಿ, ಉಳಿದ ಬಾಳೆಲ್ಲ ಕೆಟ್ಟ ಅತ್ತೆಯಾದವರು. ದೇಶ ಭಾನುವಾರ ಬೆಳಿಗ್ಗೆ ಮಿಂದು ಕೂತು ಕೈಮುಗಿದು ನೋಡಿದ್ದು ಇವರನ್ನು. ಹಿಂದೆ ಇವರೇ ಕುಣಿದಾಗ ಸಿಳ್ಳೆ ಹೊಡೆದವರೂ ಆ ಕೈಮುಗಿದವರಲ್ಲಿದ್ದರು. ಇದನ್ನು ಬೂಟಾಟಿಕೆ ಎಂದು ತಳ್ಳಿಹಾಕುವುದಕ್ಕಿಂತ, ನಟನೆ ಎಂಬ ಕಸುಬಿಗೆ ಇರುವ ಬಲ ಎನ್ನುವುದು ನ್ಯಾಯ. ಬಯಲಾಟದಲ್ಲಿ ರಾತ್ರಿ ದ್ರೌಪದಿಯಾದವಳಿಗೆ ಆರತಿ ಎತ್ತಿ ಹಗಲು ಅವಳನ್ನು ಹೊರಗೆ ಕೂರಿಸಿದ ಊರುಗಳ ಮಕ್ಕಳೇ ನಾವು. ಟಿ.ವಿ. ಮಾಡಿದ್ದು ಇಷ್ಟೇ: ಹಗಲನ್ನು ತೋರಿಸಲಿಲ್ಲ.

ಕೌಸಲ್ಯೆಗೆ ಮತ್ತೊಂದು ಭಾಷೆ ಬೇಕಾಯಿತು. ಸಾಗರರ ಅಯೋಧ್ಯೆಯಲ್ಲಿ ಯಾರೂ ಪಾನೀ ಕುಡಿಯುವುದಿಲ್ಲ, ಜಲ ಸೇವಿಸುತ್ತಾರೆ. ಯಾರ ಮನೆಯಲ್ಲೂ ಆಡದ ಈ ಹಿಂದಿ, ವಿಚಿತ್ರವೆಂದರೆ, ದಕ್ಷಿಣದವರಿಗೆ ಬೀದಿಯ ಹಿಂದಿಗಿಂತ ಚೆನ್ನಾಗಿ ತಿಳಿಯುತ್ತಿತ್ತು. ಜಲ, ಮಾತೆ, ವನವಾಸ, ಪುತ್ರ ಎಲ್ಲ ಕನ್ನಡದಲ್ಲೂ ಇವೆ. ಹಿಂದಿ ಬಾರದ ಹಳ್ಳಿಗಳಲ್ಲೂ ಗ್ರಾಮ ಪಂಚಾಯಿತಿಯ ಒಂದೇ ಟಿ.ವಿ.ಯ ಮುಂದೆ ಜನ ಸೇರಿದ್ದಕ್ಕೆ ಭಕ್ತಿಯ ಜತೆಗೆ ಇದೂ ಒಂದು ಕಾರಣ. ಅಂತೂ ಉದಕದಿಂದ ಹೊರಟವರು ಹುಟ್ಟೂರಿನ ಜಿಲ್ಲೆಯವರಿಗೆಲ್ಲ ಮುಟ್ಟಿದ್ದು ಜಲಕ್ಕೆ ಬಂದ ಮೇಲೆಯೇ.

ಜಯಶ್ರೀಯ ಗಂಡ ಬಾಳ ಧುರಿ ಮರಾಠಿ ರಂಗಭೂಮಿಯ ನಟ. ಧಾರಾವಾಹಿಯಲ್ಲಿ ಅವರೇ ದಶರಥ. ಹಳೆಯ ಶಿವ ದಾರಾ ಸಿಂಗ್ ಇಲ್ಲಿ ಹನುಮಂತ. ಧಾರಾವಾಹಿ 1988ರ ಜುಲೈ 31ಕ್ಕೆ ಮುಗಿಯಿತು. ಆಮೇಲೆ ಜಯಶ್ರೀ ಕ್ಯಾಮೆರಾದ ಹಿಂದೆ ಹೋದರು. 1991ರ 'ಮಾಹೇರಚಿ ಸಾಡಿ', ಅಂದರೆ ತವರಿನ ಸೀರೆ, ಮರಾಠಿ ಹೆಂಗಸರನ್ನು ಬಸ್ಸು ಮಾಡಿಕೊಂಡು ಟಾಕೀಸಿಗೆ ಬರುವಂತೆ ಮಾಡಿದ ಹೊತ್ತದು. ಅದೇ ಅಲೆಯಲ್ಲಿ ಇವರು ಎರಡು ಚಿತ್ರ ನಿರ್ದೇಶಿಸಿದರು: 1994ರಲ್ಲಿ 'ಸಾಸರ್ ಮಾಹೇರ್', 1996ರಲ್ಲಿ 'ಅಶೀ ಅಸಾವೀ ಸಾಸೂ'. ಗಂಡನ ಮನೆ ತವರು ಮನೆ ಒಂದು, ಅತ್ತೆ ಎಂದರೆ ಹೀಗಿರಬೇಕು ಎಂಬುದು ಇನ್ನೊಂದ. ನಾಲ್ಕು ದಶಕ ಇತರರ ಕತೆಯಲ್ಲಿ ನಟಿಸಿದವರು ಸ್ವಂತ ಕತೆ ಹೇಳುವ ಅವಕಾಶ ಬಂದಾಗ ಇವನ್ನೇ ಆರಿಸಿಕೊಂಡರೇ ಎಂದು ಬೇಸರ ಪಡುವವರಿದ್ದಾರೆ. ಆದರೆ ಹದಿಮೂರು ಹದಿನಾಲ್ಕರಿಂದ ದುಡಿದ ಹೆಂಗಸಿಗೆ ಮನೆ ಎಂಬುದು ಸಣ್ಣ ವಿಷಯವಾಗಿರಲಿಕ್ಕಿಲ್ಲ.

2008ರ ಆಗಸ್ಟ್ 29ರಂದು ಮುಂಬೈಯಲ್ಲಿ ಜಯಶ್ರೀ ತೀರಿಕೊಂಡರು. ಮರಾಠಿ ಪತ್ರಿಕೆಗಳಿಗೆ ಅವರು ಲಾವಣಿಯ ರಾಣಿ, ಹಿಂದಿಯವರಿಗೆ ಕೌಸಲ್ಯೆ.

2020ರ ಮಾರ್ಚ್ 28ರಂದು, ಲಾಕ್‌ಡೌನ್ ಶುರುವಾಗಿ ನಾಲ್ಕೇ ದಿನಕ್ಕೆ, ದೂರದರ್ಶನ 'ರಾಮಾಯಣ'ವನ್ನು ಮತ್ತೆ ಹಾಕಿತು, ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ. ಕಾಡಿಗೆ ಹೋದ ಮಗನನ್ನು ನೆನೆಯುತ್ತ ದಶರಥ ಕೌಸಲ್ಯೆಯ ಮನೆಯಲ್ಲಿ ಪ್ರಾಣ ಬಿಡುವ ಭಾಗ ಏಪ್ರಿಲ್ ಮೊದಲ ವಾರದ ಹೊತ್ತಿಗೆ ಬಂದಿರಬೇಕು. ಸತ್ತಂತೆ ಮಲಗಿದ ಬಾಳ ಧುರಿಯ ಮೇಲೆ ಬಿದ್ದು ಜಯಶ್ರೀ ಅಳುತ್ತಾರೆ. ಅವರು ಹೋಗಿ ಆಗಲೇ ಹನ್ನೆರಡು ವರ್ಷ ನಡೆಯುತ್ತಿತ್ತು.